ಬ್ಯಾಕಪ್ ‘ಆನ್’ ಇದೆ, ಆದರೂ ಫೋಟೋ ಕ್ಲೌಡ್‌ಗೆ ಹೋಗ್ತಿಲ್ಲ: ಎಲ್ಲಿಂದ ಹುಡುಕಬೇಕು?

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ನಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರ ಫೋನಿನ ಪರದೆ ಒಂದು ಮೂಲೆಯಿಂದ ಕಪ್ಪಾಗುತ್ತಾ ಬಂದಿತ್ತು. ಇನ್ನೊಂದು ವಾರ ಬಂದರೆ ಹೆಚ್ಚು. ‘ಹೊಸದು ತಗೊಂಡ್ರೆ ಆಯ್ತು ಬಿಡೋ ಮಗಾ, ಫೋಟೋ ಎಲ್ಲ ಕ್ಲೌಡಲ್ಲಿ ಇರುತ್ತಂತಲ್ಲ’ ಅಂದರು. ಅವರಿಗೆ ಯಾರೋ ಹಾಗೆ ಹೇಳಿದ್ದರು. ಗೂಗಲ್ ಫೋಟೋಸ್ ತೆರೆದು ನೋಡಿದೆ. ಬ್ಯಾಕಪ್ (ಫೋಟೋಗಳ ಪ್ರತಿಯನ್ನು ಕ್ಲೌಡ್‌ನಲ್ಲಿ, ಅಂದರೆ ಗೂಗಲ್‌ನಂಥ ಕಂಪನಿಯ ಕಂಪ್ಯೂಟರುಗಳಲ್ಲಿ ಉಳಿಸೋ ಕೆಲಸ) ಆನ್ ಅಂತಲೇ ಇತ್ತು. ಒಂದೊಂದೇ ಫೋಟೋ ತೆರೆದು, ಬೆರಳಲ್ಲಿ ಮೇಲಕ್ಕೆ ಸರಿಸಿ, ಕೆಳಗೆ ಬರುವ ವಿವರ ಓದುತ್ತಾ ಹಿಂದಕ್ಕೆ ಹೋದೆ. ‘ಬ್ಯಾಕ್ಡ್ ಅಪ್’ ಅನ್ನೋ ಮಾತು ಮೊದಲು ಕಾಣಿಸಿದ್ದು ಹದಿನಾಲ್ಕು ತಿಂಗಳ ಹಿಂದಿನ ಒಂದು ನಾಮಕರಣದ ಫೋಟೋದಲ್ಲಿ. ಅದರ ಈಚಿನದು ಒಂದೂ ಕ್ಲೌಡ್‌ನಲ್ಲಿ ಇರಲಿಲ್ಲ. ದೊಡ್ಡಪ್ಪನ ಕೊನೆಯ ಆರು ತಿಂಗಳ ಫೋಟೋಗಳು ಅದರ ಈಚಿನವೇ.

ಅವತ್ತು ಸಂಜೆಯೆಲ್ಲ ಕೂತು ಸರಿಮಾಡಿದೆವು. ಆಗ ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬ್ಯಾಕಪ್ ‘ಆನ್ ಇದೆ’ ಅನ್ನೋದು ಬೇರೆ, ‘ಆಗಿದೆ’ ಅನ್ನೋದು ಬೇರೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಓದಿ.

ಮೊದಲು, ಏನನ್ನೂ ಅಳಿಸಬೇಡಿ

ಬ್ಯಾಕಪ್ ಆಗ್ತಿಲ್ಲ ಅಂತ ಗೊತ್ತಾದ ಕೂಡಲೇ ಜನ ಗಾಬರಿಯಲ್ಲಿ ಮಾಡೋ ಕೆಲಸಗಳೇ ಜಾಸ್ತಿ ಅಪಾಯ. ಫೋನ್ ರೀಸೆಟ್ ಮಾಡಬೇಡಿ. ವಾಟ್ಸ್ಆ್ಯಪ್ ತೆಗೆದು ಮತ್ತೆ ಹಾಕಬೇಡಿ. ಗೂಗಲ್ ಖಾತೆಯನ್ನು ಫೋನಿಂದ ತೆಗೆಯಬೇಡಿ. ಗೂಗಲ್ ಫೋಟೋಸ್ ಒಳಗೆ ಫೋಟೋ ಅಳಿಸಿ ಜಾಗ ಮಾಡೋಣ ಅಂತ ಹೊರಡಬೇಡಿ. ಬ್ಯಾಕಪ್ ಆದ ಫೋಟೋವನ್ನು ಅಲ್ಲಿ ಅಳಿಸಿದರೆ ಫೋನಿಂದಲೂ ಹೋಗುತ್ತದೆ, ಕ್ಲೌಡಿಂದಲೂ ಹೋಗುತ್ತದೆ. ತಪ್ಪಿ ಅಳಿಸಿದ್ದರೆ ಅದೇ ಆ್ಯಪ್‌ನ ಕಸದ ಬುಟ್ಟಿಯಲ್ಲಿ ಹುಡುಕಿ. ಬ್ಯಾಕಪ್ ಆಗಿದ್ದ ಫೋಟೋ ಅಲ್ಲಿ 60 ದಿನ ಇರುತ್ತದೆ, ಆಗದೇ ಇದ್ದದ್ದು 30 ದಿನ.

ಕೈಯಲ್ಲಿ ಕಂಪ್ಯೂಟರ್ ಇದ್ದರೆ ಮೊದಲು ಒಂದು ಪ್ರತಿ ಮಾಡಿಕೊಳ್ಳಿ. ಕೇಬಲ್ ಚುಚ್ಚಿ, ಫೋನಿನಲ್ಲಿ ಮೇಲಿಂದ ಕೆಳಗೆ ಎಳೆದು, ಚಾರ್ಜಿಂಗ್ ಅಂತ ಬರುವ ಸೂಚನೆಯನ್ನು ಒತ್ತಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಿ. ಕಂಪ್ಯೂಟರಿನಲ್ಲಿ ಫೋನ್ ತೆರೆದುಕೊಳ್ಳುತ್ತದೆ. ಕ್ಯಾಮೆರಾ ಫೋಟೋಗಳೆಲ್ಲ ‘ಡಿಸಿಐಎಂ’ ಅನ್ನೋ ಫೋಲ್ಡರಿನಲ್ಲಿ ಇರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಬಂದವು ‘ಆಂಡ್ರಾಯ್ಡ್’, ಅದರೊಳಗೆ ‘ಮೀಡಿಯಾ’, ಅದರೊಳಗೆ ವಾಟ್ಸ್ಆ್ಯಪ್ ಹೆಸರಿನ ಫೋಲ್ಡರ್. ಎರಡನ್ನೂ ಕಾಪಿ ಮಾಡಿ. ಕಂಪ್ಯೂಟರ್ ಇಲ್ಲವಾ? ಫೋನಿಗೆ ನೇರ ಚುಚ್ಚುವ ಓಟಿಜಿ ಪೆನ್‌ಡ್ರೈವ್ ಮೊಬೈಲ್ ಅಂಗಡಿಗಳಲ್ಲಿ ಸಿಗುತ್ತದೆ. ದೊಡ್ಡಮ್ಮನ ಮನೆಯಲ್ಲಿ ನಾವು ಮಾಡಿದ್ದು ಅದನ್ನೇ. ಪ್ರತಿ ಕೈಗೆ ಬಂದ ಮೇಲೆ ಮುಂದಿನ ಕೆಲಸವನ್ನು ಸಮಾಧಾನವಾಗಿ ಮಾಡಬಹುದು.

ನಿಂತಿರೋದು ಯಾವ ಬ್ಯಾಕಪ್?

‘ಬ್ಯಾಕಪ್’ ಅಂತ ನಾವು ಒಂದೇ ಮಾತಲ್ಲಿ ಹೇಳುತ್ತೇವೆ. ಆಂಡ್ರಾಯ್ಡ್ ಫೋನಿನಲ್ಲಿ ಅದು ನಾಲ್ಕು ಬೇರೆ ಬೇರೆ ಕೆಲಸ. ಫೋಟೋ, ವಿಡಿಯೋ ಹೋಗುವುದು ಗೂಗಲ್ ಫೋಟೋಸ್ ಮೂಲಕ. ವಾಟ್ಸ್ಆ್ಯಪ್ ಮಾತುಕತೆಗೆ ಅದರದೇ ಬ್ಯಾಕಪ್. ಫೋನ್ ನಂಬರುಗಳಿಗೆ ಕಾಂಟ್ಯಾಕ್ಟ್ಸ್ ಸಿಂಕ್, ಅಂದರೆ ನಂಬರುಗಳು ಗೂಗಲ್ ಖಾತೆಗೆ ತಾವಾಗೇ ಸೇರುತ್ತಿರುವುದು. ಉಳಿದ ಎಸ್‌ಎಂಎಸ್, ಕಾಲ್ ಪಟ್ಟಿ, ಸೆಟ್ಟಿಂಗ್ಸ್, ಆ್ಯಪ್‌ಗಳ ಮಾಹಿತಿಗೆ ಫೋನಿನ ಬ್ಯಾಕಪ್. ಒಂದು ನಡೆಯುತ್ತಿದ್ದರೆ ಉಳಿದದ್ದೂ ನಡೆಯುತ್ತಿದೆ ಅಂತ ಅಲ್ಲ. ಕೆಲವು ಫೋನ್ ಕಂಪನಿಗಳು ತಮ್ಮದೇ ಕ್ಲೌಡನ್ನೂ ಕೊಡುತ್ತವೆ. ಸ್ಯಾಮ್‌ಸಂಗ್ ಗ್ಯಾಲರಿಯನ್ನು ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ಗೆ ಜೋಡಿಸಿಕೊಂಡಿರುವವರು ಗೂಗಲ್ ಫೋಟೋಸ್‌ನಲ್ಲಿ ಹುಡುಕಿದರೆ ಆ ಬ್ಯಾಕಪ್ ಸಿಗೋದಿಲ್ಲ.

ಹಾಗಾಗಿ ನಾಲ್ಕನ್ನೂ ಒಮ್ಮೆ ನೋಡಿ. ಮೆನು ಹೆಸರುಗಳು ಒಂದೊಂದು ಫೋನಿನಲ್ಲಿ ಸ್ವಲ್ಪ ಬೇರೆ. ಸಿಗದಿದ್ದರೆ ಸೆಟ್ಟಿಂಗ್ಸ್ ಮೇಲ್ಗಡೆ ಇರುವ ಹುಡುಕುವ ಜಾಗದಲ್ಲಿ ‘ಬ್ಯಾಕಪ್’ ಅಂತ ಟೈಪ್ ಮಾಡಿ.

ಫೋನೇ ಏನು ಹೇಳ್ತಿದೆ, ಓದಿ

ಗೂಗಲ್ ಫೋಟೋಸ್ ತೆರೆದು, ಬಲಗಡೆ ಮೇಲೆ ಇರುವ ನಿಮ್ಮ ಚಿತ್ರ ಅಥವಾ ಹೆಸರಿನ ಮೊದಲ ಅಕ್ಷರ ಇರುವ ಗುಂಡನ್ನು ಒತ್ತಿ. ಅಲ್ಲಿ ಒಂದು ಸಾಲು ಇರುತ್ತದೆ. ಬಹಳ ಜನ ಅದನ್ನು ಓದುವುದೇ ಇಲ್ಲ, ಅಲ್ವಾ? ಅರ್ಧ ಉತ್ತರ ಅಲ್ಲೇ ಇರುತ್ತದೆ.

ವೈಫೈಗಾಗಿ ಕಾಯುತ್ತಿದೆ ಅಂತ ಇದ್ದರೆ ತೊಂದರೆ ನೆಟ್‌ವರ್ಕ್‌ನದ್ದು. ಖಾತೆಯ ಜಾಗ ತುಂಬಿದೆ ಅಂತ ಇದ್ದರೆ ಜಾಗ ಮಾಡಬೇಕು. ಬ್ಯಾಕಪ್ ಆಫ್ ಅಂತ ಇದ್ದರೆ ಆನ್ ಮಾಡಿದರೆ ಮುಗಿಯಿತು. ಇಷ್ಟು ಫೋಟೋ ಬಾಕಿ ಅಂತ ಸಂಖ್ಯೆ ಬಂದರೆ ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಕಡಿಮೆಯಾಗುತ್ತಿದ್ದರೆ ಬ್ಯಾಕಪ್ ನಿಂತಿಲ್ಲ, ನಿಧಾನವಾಗಿದೆ ಅಷ್ಟೇ. ಅದನ್ನು ಅದರ ಪಾಡಿಗೆ ಬಿಡಿ. ‘ಎಲ್ಲ ಆಗಿದೆ’ ಅಂತ ಹೇಳುತ್ತಿದ್ದರೂ ಫೋಟೋ ಕಾಣದಿದ್ದರೆ ತಪ್ಪು ಖಾತೆ, ಇಲ್ಲವೇ ಫೋಲ್ಡರ್ ಆರಿಸಿಲ್ಲ. ಇವೆರಡಕ್ಕೂ ಮುಂದೆ ಬರುತ್ತೇನೆ.

15 ಜಿಬಿ: ಮೂರು ಮನೆಗೆ ಒಂದೇ ಕಣಜ

ನಾನು ನೋಡಿದ ಫೋನುಗಳಲ್ಲಿ ಬ್ಯಾಕಪ್ ನಿಲ್ಲಲು ಹೆಚ್ಚಿನ ಸಲ ಇದೇ ಕಾರಣ. ಗೂಗಲ್ ಪ್ರತಿ ಖಾತೆಗೆ 15 ಜಿಬಿ ಉಚಿತವಾಗಿ ಕೊಡುತ್ತದೆ. ಅದು ಫೋಟೋಗೆ ಮಾತ್ರ ಅಲ್ಲ. ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಅದನ್ನೇ ಹಂಚಿಕೊಳ್ಳಬೇಕು.

ಮೊದಲು ಹೀಗಿರಲಿಲ್ಲ. ಸ್ವಲ್ಪ ಗಾತ್ರ ಇಳಿಸಿದ ಫೋಟೋಗಳನ್ನು ಎಷ್ಟು ಬೇಕಾದರೂ ಲೆಕ್ಕವಿಲ್ಲದೆ ಇಡಬಹುದಿತ್ತು. 2021ರ ಜೂನ್ 1ರಿಂದ ಅದು ನಿಂತಿತು. ಅವತ್ತಿಂದ ಏರಿಸಿದ ಫೋಟೋಗಳೆಲ್ಲ ಲೆಕ್ಕಕ್ಕೆ ಬರುತ್ತವೆ. ಆಮೇಲೆ 2024ರಲ್ಲಿ ಆಂಡ್ರಾಯ್ಡ್‌ನ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ ಈ 15 ಜಿಬಿಯೊಳಕ್ಕೇ ಬಂತು. ಎಷ್ಟೋ ಹಿರಿಯರ ಫೋನಿನಲ್ಲಿ ‘ಇಷ್ಟು ವರ್ಷ ಸರಿ ಇತ್ತು, ಈಗ ಯಾಕೋ ನಿಂತಿದೆ’ ಅನ್ನೋದಕ್ಕೆ ಇದೇ ಮೂಲ. ಫೋನು ಕೆಟ್ಟಿಲ್ಲ. ಕಣಜ ತುಂಬಿದೆ.

ಗೂಗಲ್ ಒನ್ ಆ್ಯಪ್ ತೆರೆದರೆ ಯಾವುದು ಎಷ್ಟು ಜಾಗ ತಿಂದಿದೆ ಅಂತ ಬಣ್ಣದ ಪಟ್ಟಿಯಲ್ಲಿ ಕಾಣುತ್ತದೆ. ದೊಡ್ಡಮ್ಮನ ಖಾತೆಯಲ್ಲಿ 6 ಜಿಬಿಗೂ ಜಾಸ್ತಿ ವಾಟ್ಸ್ಆ್ಯಪ್‌ನದ್ದೇ ಇತ್ತು. ಭಜನೆ ಮಂಡಳಿಯ ಗುಂಪಲ್ಲಿ ಬಂದ ವಿಡಿಯೋಗಳು, ಮನೆಮದ್ದಿನ ವಿಡಿಯೋಗಳು. ಅವರಿಗೆ ಬೇಕಾದ ಮಾತುಕತೆ ಅದರಲ್ಲಿ ತೀರಾ ಸಣ್ಣ ಪಾಲು.

ಅಲ್ಲಿಂದಲೇ ಶುರು ಮಾಡಿ. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಚಾಟ್ಸ್’, ಅದರಲ್ಲಿ ‘ಚಾಟ್ ಬ್ಯಾಕಪ್’ ಗೆ ಹೋಗಿ ‘ಇನ್‌ಕ್ಲೂಡ್ ವಿಡಿಯೋಸ್’ ಆಫ್ ಮಾಡಿ. ನಂತರ ‘ಸ್ಟೋರೇಜ್ ಆ್ಯಂಡ್ ಡೇಟಾ’ ದಲ್ಲಿ ‘ಮ್ಯಾನೇಜ್ ಸ್ಟೋರೇಜ್’ ತೆರೆದರೆ ಯಾವ ಗುಂಪು ಎಷ್ಟು ತುಂಬಿಸಿದೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೋರಿಸುತ್ತದೆ. ಬೇಡದ್ದನ್ನು ಅಲ್ಲಿ ಅಳಿಸಿ, ಮತ್ತೆ ಒಂದು ಬ್ಯಾಕಪ್ ತೆಗೆಯಿರಿ. ಹೊಸ ಬ್ಯಾಕಪ್ ಹಳೆಯದರ ಜಾಗಕ್ಕೆ ಬರುತ್ತದೆ, ಗಾತ್ರ ಇಳಿಯುತ್ತದೆ. ಅಳಿಸುವಾಗ ಹತ್ತಿರ ಕೂತು ಅವರನ್ನೇ ಕೇಳುತ್ತಾ ಅಳಿಸಿ. ನಮಗೆ ಕಸ ಅನ್ನಿಸಿದ್ದು ಅವರಿಗೆ ಹಾಗಿರೋದಿಲ್ಲ.

ಜಿಮೇಲ್‌ನಲ್ಲಿ ಸ್ಪ್ಯಾಮ್ ಮತ್ತು ಟ್ರ್ಯಾಶ್, ಡ್ರೈವ್‌ನಲ್ಲಿ ಟ್ರ್ಯಾಶ್, ಇವನ್ನೂ ಖಾಲಿ ಮಾಡಿ. ಅಳಿಸಿದ್ದು ಅಲ್ಲಿ ಕೂತಿರುವವರೆಗೂ ಜಾಗದ ಲೆಕ್ಕದಲ್ಲೇ ಇರುತ್ತದೆ.

ಫೋಟೋಗಳ ಗುಣಮಟ್ಟದ ವಿಷಯ. ‘ಒರಿಜಿನಲ್’ ಬದಲು ‘ಸ್ಟೋರೇಜ್ ಸೇವರ್’ ಆರಿಸಿದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೋ ಅಷ್ಟಕ್ಕೆ ಇಳಿಯುತ್ತದೆ, ವಿಡಿಯೋ 1080ಪಿ ಗೆ ಇಳಿಯುತ್ತದೆ. ಮನೆಮಂದಿಯ ಫೋಟೋಗಳಿಗೆ ಇದು ಸಾಕು ಅಂತ ನನ್ನ ಅಭಿಪ್ರಾಯ. ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಪ್ರಿಂಟ್ ತೆಗೆಸುವವರು, ಫೋಟೋಗ್ರಫಿಯನ್ನೇ ಕೆಲಸ ಮಾಡಿಕೊಂಡವರು ಬೇರೆ ಮಾತು. ಇಷ್ಟೆಲ್ಲ ಮಾಡಿಯೂ ಸಾಲದಿದ್ದರೆ ದುಡ್ಡು ಕೊಟ್ಟು ಜಾಗ ತಗೊಳ್ಳಿ. ಹೆಚ್ಚಿನ ಪ್ಲ್ಯಾನ್ ಒಂದನ್ನೇ ತಗೊಂಡು ಮನೆಯವರ ಜೊತೆ ಹಂಚಿಕೊಳ್ಳಬಹುದು. ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣುವುದಿಲ್ಲ. ಜಾಗ ಮಾತ್ರ ಹಂಚಿಕೆ.

ನೆಟ್‌ವರ್ಕ್: ಇಳಿಸೋದು ಸುಲಭ, ಏರಿಸೋದು ಕಷ್ಟ

‘ಯೂಟ್ಯೂಬ್ ಚೆನ್ನಾಗೇ ಓಡುತ್ತೆ, ಬ್ಯಾಕಪ್ ಮಾತ್ರ ಆಗಲ್ಲ’ ಅನ್ನುವವರು ಇದ್ದಾರೆ. ಯೂಟ್ಯೂಬ್ ನೋಡುವಾಗ ಡೇಟಾ ನಿಮ್ಮ ಕಡೆಗೆ ಬರುತ್ತದೆ. ಬ್ಯಾಕಪ್‌ನಲ್ಲಿ ನಿಮ್ಮಿಂದ ಹೊರಗೆ ಹೋಗಬೇಕು. ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಹೊರಗೆ ಹೋಗುವ ವೇಗ ಬಹಳ ಕಡಿಮೆ ಇರುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ಸಿಗುತ್ತಿದೆ ಅಂತ ಇಟ್ಟುಕೊಳ್ಳಿ. 10 ಜಿಬಿ ಏರಲು ಒಂದು ಕ್ಷಣವೂ ನಿಲ್ಲದೆ ಹೋದರೂ 11 ಗಂಟೆ ಬೇಕು.

ಇನ್ನೊಂದು, ದಿನಕ್ಕೆ 1.5 ಅಥವಾ 2 ಜಿಬಿಯ ಪ್ಯಾಕ್. ಅದು ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ (ಸೆಕೆಂಡಿಗೆ 64 ಕಿಲೋಬಿಟ್) ಇಳಿಯುವ ಪ್ಯಾಕ್‌ಗಳೇ ಹೆಚ್ಚು. ಆ ವೇಗದಲ್ಲಿ 3 ಎಂಬಿಯ ಒಂದು ಫೋಟೋ ಏರಲು 6 ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ವಾಟ್ಸ್ಆ್ಯಪ್ ಸಂದೇಶ ಹೋಗುತ್ತಿರುತ್ತದೆ, ಹಾಗಾಗಿ ನೆಟ್ ಇದೆ ಅಂತಲೇ ಅನ್ನಿಸುತ್ತದೆ.

ಮನೆಯಲ್ಲಿ ವೈಫೈ ಇಲ್ಲದವರು ಒಂದು ಸೆಟ್ಟಿಂಗ್ ನೋಡಲೇಬೇಕು. ಗೂಗಲ್ ಫೋಟೋಸ್ ಸೆಟ್ಟಿಂಗ್ಸ್, ‘ಬ್ಯಾಕಪ್’, ‘ಮೊಬೈಲ್ ಡೇಟಾ ಯೂಸೇಜ್’. ಮೊಬೈಲ್ ಡೇಟಾದಲ್ಲಿ ಬ್ಯಾಕಪ್ ಬೇಡ ಅಂತ ಇದ್ದರೆ ವೈಫೈ ಸಿಗುವವರೆಗೂ ಒಂದು ಫೋಟೋವೂ ಹೋಗುವುದಿಲ್ಲ. ವೈಫೈ ಬರುವುದೇ ಇಲ್ಲ ಅಂದರೆ ಬ್ಯಾಕಪ್ಪೂ ಆಗುವುದಿಲ್ಲ. ಅಲ್ಲೇ ದಿನದ ಮಿತಿಯನ್ನೂ ಹಾಕಬಹುದು. ನನ್ನ ಸಲಹೆ: ಮೊದಲ ಸಲದ ದೊಡ್ಡ ಬ್ಯಾಕಪ್ ಮಾತ್ರ ಒಳ್ಳೆಯ ವೈಫೈ ಇರುವ ಯಾರದಾದರೂ ಮನೆಯಲ್ಲಿ, ರಾತ್ರಿಯಿಡೀ ಚಾರ್ಜಿಗೆ ಹಾಕಿಟ್ಟು ಮುಗಿಸಿಬಿಡಿ. ಆಮೇಲೆ ದಿನಕ್ಕೆ ನಾಲ್ಕೈದು ಫೋಟೋ ಮೊಬೈಲ್ ಡೇಟಾದಲ್ಲೇ ಹೋಗುತ್ತವೆ.

ಫೋನಿನ ತಾರೀಖು, ಗಂಟೆ ಸರಿ ಇದೆಯಾ ಅಂತಲೂ ನೋಡಿ. ಅದು ತಪ್ಪಿದ್ದರೆ ಸರ್ವರ್ ಜೊತೆ ಸುರಕ್ಷಿತ ಸಂಪರ್ಕವೇ ಆಗದೆ ಹೋಗಬಹುದು. ‘ಆಟೋಮ್ಯಾಟಿಕ್’ ಗೆ ಇಡಿ. ವಿಪಿಎನ್ (ನಿಮ್ಮ ನೆಟ್ಟನ್ನು ಬೇರೊಂದು ಸರ್ವರ್ ಮೂಲಕ ಕಳಿಸುವ ಆ್ಯಪ್) ಹಾಕಿಕೊಂಡಿದ್ದರೆ ಒಮ್ಮೆ ತೆಗೆದು ನೋಡಿ.

ಬ್ಯಾಟರಿ ಉಳಿಸಲು ಹೋಗಿ ಬ್ಯಾಕಪ್ ನಿಲ್ಲುವುದು

ಬ್ಯಾಟರಿ ಸೇವರ್ ಯಾವಾಗಲೂ ಆನ್ ಇಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ತುಂಬ ಜನಕ್ಕಿದೆ. ಆಗ ಹಿಂದೆ ಸದ್ದಿಲ್ಲದೆ ನಡೆಯುವ ಕೆಲಸಗಳಿಗೆ ಕಡಿವಾಣ ಬೀಳುತ್ತದೆ. ಬ್ಯಾಕಪ್ ಅಂಥದ್ದೇ ಕೆಲಸ. ಜೊತೆಗೆ ಕೆಲವು ಕಂಪನಿಗಳ ಫೋನುಗಳು ಪರದೆ ಆರಿದ ಸ್ವಲ್ಪ ಹೊತ್ತಿಗೆ ಆ್ಯಪ್‌ಗಳನ್ನು ತಾವಾಗೇ ಮುಚ್ಚುತ್ತವೆ. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ಸ್’, ಅದರಲ್ಲಿ ‘ಫೋಟೋಸ್’, ಅದರಲ್ಲಿ ‘ಬ್ಯಾಟರಿ’ ಗೆ ಹೋಗಿ ‘ಅನ್‌ರಿಸ್ಟ್ರಿಕ್ಟೆಡ್’ ಅಥವಾ ‘ನೋ ರಿಸ್ಟ್ರಿಕ್ಷನ್ಸ್’ ಆರಿಸಿ. ‘ಆಟೋಸ್ಟಾರ್ಟ್’ ಅಂತ ಇದ್ದರೆ ಅದನ್ನೂ ಆನ್ ಮಾಡಿ. ವಾಟ್ಸ್ಆ್ಯಪ್‌ಗೂ ಇದನ್ನೇ ಮಾಡಿ. ಡೇಟಾ ಸೇವರ್ ಆನ್ ಇದ್ದರೆ ಅದನ್ನೂ ತೆಗೆಯಿರಿ.

ಇದೆಲ್ಲ ಆದ ಮೇಲೂ ಅಲ್ಲೇ ನಿಂತಿದ್ದರೆ ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಪ್ಲೇ ಸ್ಟೋರ್‌ನಲ್ಲಿ ಫೋಟೋಸ್ ಆ್ಯಪ್ ಅಪ್‌ಡೇಟ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ಸ್’, ‘ಫೋಟೋಸ್’, ‘ಸ್ಟೋರೇಜ್’ ಗೆ ಹೋಗಿ ‘ಕ್ಲಿಯರ್ ಕ್ಯಾಶ್’ ಒತ್ತಿ. ಕ್ಯಾಶ್ ಅಂದರೆ ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಂಡ ಫೈಲುಗಳು, ಅದನ್ನು ತೆಗೆದರೆ ಫೋಟೋ ಹೋಗುವುದಿಲ್ಲ. ಪಕ್ಕದಲ್ಲೇ ಇರುವ ‘ಕ್ಲಿಯರ್ ಡೇಟಾ’ ಅಥವಾ ‘ಕ್ಲಿಯರ್ ಸ್ಟೋರೇಜ್’ ಮಾತ್ರ ಒತ್ತಬೇಡಿ, ಅದರಲ್ಲೂ ವಾಟ್ಸ್ಆ್ಯಪ್‌ನಲ್ಲಿ.

ಫೋಲ್ಡರ್ ಆರಿಸಿದ್ದೀರಾ?

ಗೂಗಲ್ ಫೋಟೋಸ್ ತಾನಾಗಿ ತಗೊಳ್ಳುವುದು ಕ್ಯಾಮೆರಾದಲ್ಲಿ ತೆಗೆದ ಫೋಟೋಗಳನ್ನು ಮಾತ್ರ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದು, ಸ್ಕ್ರೀನ್‌ಶಾಟ್, ಡೌನ್‌ಲೋಡ್ ಆದದ್ದು ಇವನ್ನು ನೀವೇ ಹೇಳಬೇಕು. ‘ಬ್ಯಾಕಪ್’ ಸೆಟ್ಟಿಂಗ್ಸ್ ಕೆಳಗೆ ‘ಬ್ಯಾಕಪ್ ಡಿವೈಸ್ ಫೋಲ್ಡರ್ಸ್’ ಅಂತ ಇದೆ. ಪಹಣಿ, ಆಧಾರ್, ಮಕ್ಕಳ ಅಂಕಪಟ್ಟಿ ಎಲ್ಲ ಈಗ ವಾಟ್ಸ್ಆ್ಯಪ್ ಫೋಟೋಗಳಾಗೇ ಓಡಾಡುತ್ತವೆ. ಬೇಕಾದವನ್ನು ಬೇರೆ ಫೋಲ್ಡರ್‌ಗೆ ಹಾಕಿ ಆ ಫೋಲ್ಡರನ್ನು ಆನ್ ಮಾಡಿ. ಇಡೀ ವಾಟ್ಸ್ಆ್ಯಪ್ ಫೋಲ್ಡರ್ ಆನ್ ಮಾಡಿದರೆ ಕಣಜ ಮತ್ತೆ ತುಂಬುತ್ತದೆ.

ಯಾರ ಖಾತೆ ಇದು?

ದೊಡ್ಡಮ್ಮನ ಫೋನಿನ ನಿಜವಾದ ಗಂಟು ಇದ್ದದ್ದು ಇಲ್ಲಿ. ಎರಡು ಖಾತೆಗಳಿದ್ದವು. ಒಂದು, ನಮ್ಮಣ್ಣ ಮಾಡಿಕೊಟ್ಟದ್ದು. ಇನ್ನೊಂದು, ಫೋನ್ ಕೊಂಡ ದಿನ ಅಂಗಡಿಯ ಹುಡುಗ ಸ್ಥಳದಲ್ಲೇ ಮಾಡಿಕೊಟ್ಟದ್ದು. ಹೆಸರಿನ ಮುಂದೆ ಏನೋ ಐದಾರು ಅಂಕಿ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಫೋಟೋ ಹೋಗುತ್ತಿದ್ದದ್ದು ಆ ಎರಡನೆಯದಕ್ಕೆ. ನಾಳೆ ಫೋನ್ ಕೆಟ್ಟರೆ ಆ ಖಾತೆಯೊಳಗೆ ಹೋಗುವ ದಾರಿಯೇ ಇರುತ್ತಿರಲಿಲ್ಲ.

ಫೋಟೋಸ್‌ನಲ್ಲಿ ಆ ಗುಂಡು ಚಿತ್ರ ಒತ್ತಿದರೆ ಖಾತೆಯ ವಿಳಾಸ ಕಾಣುತ್ತದೆ. ಅದು ನಿಮ್ಮದೇನಾ, ಪಾಸ್‌ವರ್ಡ್ ಗೊತ್ತಾ, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಈಗಲೂ ನಿಮ್ಮ ಹತ್ತಿರ ಇದೆಯಾ? ಮೂರಕ್ಕೂ ಹೌದು ಅಂತ ಉತ್ತರ ಬರಬೇಕು. ಹಳೆಯ ಸಿಮ್ಮಿನ ನಂಬರ್ ಇದ್ದರೆ ಒಳಗಿರುವಾಗಲೇ ಬದಲಾಯಿಸಿ. ಹೊರಗೆ ಬಿದ್ದ ಮೇಲೆ ಓಟಿಪಿ ಇನ್ಯಾರಿಗೋ ಹೋಗುತ್ತದೆ.

ಖಾತೆ ಬದಲಿಸಲು ‘ಬ್ಯಾಕಪ್’ ಸೆಟ್ಟಿಂಗ್ಸ್‌ನಲ್ಲೇ ‘ಬ್ಯಾಕಪ್ ಅಕೌಂಟ್’ ಒತ್ತಿ ಸರಿಯಾದದ್ದನ್ನು ಆರಿಸಿ. ಫೋನಿನಲ್ಲಿ ಇರುವ ಫೋಟೋಗಳು ಹೊಸ ಖಾತೆಗೆ ಏರಲು ಶುರುವಾಗುತ್ತವೆ. ಫೋನಿನಲ್ಲಿ ಇಲ್ಲದೆ ಹಳೆಯ ಖಾತೆಯಲ್ಲಿ ಮಾತ್ರ ಉಳಿದವನ್ನು ಆರಿಸಿ, ಹೊಸ ಖಾತೆಗೆ ಆಲ್ಬಮ್ ಆಗಿ ಹಂಚಿ, ಅಲ್ಲಿ ಉಳಿಸಿಕೊಳ್ಳಿ. ಅಲ್ಲಿಯವರೆಗೂ ಹಳೆಯ ಖಾತೆ ಫೋನಿನಲ್ಲೇ ಇರಲಿ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸುವ ಹಕ್ಕು ಗೂಗಲ್‌ಗೆ ಇದೆ, ಹಾಗಾಗಿ ಈ ಕೆಲಸ ಮುಂದೂಡಬೇಡಿ.

ವಾಟ್ಸ್ಆ್ಯಪ್ ಮತ್ತು ಫೋನ್ ನಂಬರುಗಳು

ವಾಟ್ಸ್ಆ್ಯಪ್ ಬ್ಯಾಕಪ್ ಮಧ್ಯದಲ್ಲಿ ನಿಂತರೆ ಮೊದಲು ಫೋನಿನೊಳಗಿನ ಜಾಗ ನೋಡಿ. ಅದು ಮೊದಲು ಫೋನಿನೊಳಗೇ ಒಂದು ಪ್ರತಿ ಮಾಡಿಕೊಂಡು ಆಮೇಲೆ ಏರಿಸುತ್ತದೆ. ಫೋನೇ ತುಂಬಿದ್ದರೆ ಪ್ರತಿ ಮಾಡಲು ಎಡೆ ಇಲ್ಲ. ಬ್ಯಾಕಪ್‌ಗೆ ಪಾಸ್‌ವರ್ಡ್ ಇಡುವ ಸೌಲಭ್ಯವೂ ಇದೆ, 2021ರಿಂದ. ಅದನ್ನು ಆನ್ ಮಾಡಿದರೆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಮರೆತರೆ ವಾಟ್ಸ್ಆ್ಯಪ್‌ನವರೂ ತೆಗೆದುಕೊಡಲಾರರು, ಗೂಗಲ್‌ನವರೂ ತೆಗೆದುಕೊಡಲಾರರು.

ನಂಬರುಗಳದ್ದು ಸುಲಭ. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಒಂದು ಹೆಸರು ತೆರೆದು ಅದು ಎಲ್ಲಿ ಉಳಿದಿದೆ ನೋಡಿ. ಸಿಮ್ ಅಥವಾ ಫೋನ್ ಅಂತ ಇದ್ದರೆ ಗೂಗಲ್ ಖಾತೆಗೆ ಸಿಂಕ್ ಆಗಿಲ್ಲ. ಗೂಗಲ್ ಖಾತೆಗೆ ಸರಿಸಿ, ಮುಂದೆ ಉಳಿಸುವಾಗಲೂ ಅದೇ ಖಾತೆ ಇರುವಂತೆ ಮಾಡಿ.

ಉಳಿದದ್ದು ಫೋನಿನ ಬ್ಯಾಕಪ್. ಸೆಟ್ಟಿಂಗ್ಸ್‌ನಲ್ಲಿ ‘ಗೂಗಲ್’, ‘ಬ್ಯಾಕಪ್’, ‘ಬ್ಯಾಕಪ್ ನೌ’. ಒಂದು ವಿಷಯ ನೆನಪಿಡಿ: ಫೋನನ್ನು 57 ದಿನ ಬಳಸದೆ ಇಟ್ಟರೆ ಈ ಬ್ಯಾಕಪ್ ಅಳಿದುಹೋಗಬಹುದು. ಕೆಟ್ಟ ಫೋನ್ ಡ್ರಾಯರಿನಲ್ಲಿಟ್ಟು ‘ಆಮೇಲೆ ನೋಡೋಣ’ ಅಂತ ಮೂರು ತಿಂಗಳು ಬಿಡಬೇಡಿ.

ಐಫೋನ್ ಇರುವವರಿಗೆ

ಆಪಲ್‌ನ ಕ್ಲೌಡ್ ಆದ ಐಕ್ಲೌಡ್ ಉಚಿತವಾಗಿ ಕೊಡುವುದು 5 ಜಿಬಿ ಮಾತ್ರ. ಹಾಗಾಗಿ ಜಾಗ ಸಾಲದು ಅನ್ನೋ ಸೂಚನೆ ಬೇಗ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು, ‘ಐಕ್ಲೌಡ್’, ‘ಐಕ್ಲೌಡ್ ಬ್ಯಾಕಪ್’ ಗೆ ಹೋಗಿ ಕೊನೆಯ ಬ್ಯಾಕಪ್ ಯಾವಾಗ ಆಗಿದೆ ನೋಡಿ. ಫೋನ್ ಚಾರ್ಜಿಗೆ ಹಾಕಿ, ಲಾಕ್ ಆಗಿ, ವೈಫೈ ಇದ್ದಾಗ ಅದು ತಾನಾಗಿ ನಡೆಯುತ್ತದೆ. ಹಿಂದೆ ಇದ್ದ ಐಫೋನಿನ ಬ್ಯಾಕಪ್ ಸುಮ್ನೆ ಜಾಗ ಹಿಡಿದು ಕೂತಿದ್ದರೆ, ಅದರಲ್ಲಿ ಬೇಕಾದದ್ದು ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ತೆಗೆಯಿರಿ. ‘ಐಕ್ಲೌಡ್ ಫೋಟೋಸ್’ ಆನ್ ಇದ್ದರೆ ಫೋಟೋಗಳು ಬ್ಯಾಕಪ್ ಒಳಗೆ ಸೇರುವುದಿಲ್ಲ, ಬೇರೆಯಾಗಿ ಹೋಗುತ್ತವೆ. ಎರಡನ್ನೂ ಬೇರೆ ಬೇರೆ ನೋಡಬೇಕು. ಲೋ ಪವರ್ ಮೋಡ್ ಆನ್ ಇದ್ದಾಗ ಫೋಟೋ ಏರುವುದು ನಿಂತಿರಬಹುದು. ಹೊಸ ಐಫೋನಿಗೆ ಹೋಗುವವರಿಗೆ ಡೇಟಾ ಸಾಗಿಸಲೆಂದೇ ಆಪಲ್ ತಾತ್ಕಾಲಿಕವಾಗಿ ಹೆಚ್ಚು ಜಾಗ ಕೊಡುತ್ತದೆ. ‘ಜನರಲ್’ ಒಳಗೆ ‘ಟ್ರಾನ್ಸ್‌ಫರ್ ಆರ್ ರೀಸೆಟ್ ಐಫೋನ್’ ತೆರೆದರೆ ಮೇಲೆಯೇ ಸಿಗುತ್ತದೆ.

ಆಗಿದೆಯಾ ಅಂತ ನೋಡುವ ಒಂದೇ ಪರೀಕ್ಷೆ

ಇವತ್ತು ರಾತ್ರಿ ಒಂದು ಫೋಟೋ ತೆಗೆಯಿರಿ. ಏನಾದರೂ ಸರಿ. ದೊಡ್ಡಮ್ಮ ತೆಗೆದದ್ದು ಅಂಗಳದ ತುಳಸಿಕಟ್ಟೆಯದ್ದು. ಫೋನ್ ಚಾರ್ಜಿಗೆ ಹಾಕಿ, ನೆಟ್ ಆನ್ ಇಟ್ಟು ಮಲಗಿ. ಬೆಳಿಗ್ಗೆ ಎದ್ದು ಅದೇ ಫೋನಿನಲ್ಲಿ ನೋಡಬೇಡಿ. ಬೇರೆ ಕಂಪ್ಯೂಟರಿನಲ್ಲೋ ಮನೆಯ ಇನ್ನೊಬ್ಬರ ಫೋನಿನಲ್ಲೋ ನಿಮ್ಮ ಖಾತೆಗೆ ಹೋಗಿ, ಗೂಗಲ್ ಫೋಟೋಸ್ ತೆರೆದು ಆ ಫೋಟೋ ಬಂದಿದೆಯಾ ನೋಡಿ. ಹಾಗೇ ಹಿಂದಕ್ಕೆ ಸರಿಯುತ್ತಾ ನಿಮಗೆ ತೀರಾ ಬೇಕಾದ ಮೂರ್ನಾಲ್ಕು ಫೋಟೋ ಹುಡುಕಿ. ಕಂಡರೆ ಆಗಿದೆ. ನೋಡಿದ ಮೇಲೆ ಆ ಇನ್ನೊಂದು ಫೋನಿಂದ ನಿಮ್ಮ ಖಾತೆಯನ್ನು ಸೈನ್ ಔಟ್ ಮಾಡುವುದನ್ನು ಮರೆಯಬೇಡಿ.

ಅದು ಕಾಣದಿದ್ದರೆ ಆ ಗುಂಡು ಚಿತ್ರವನ್ನು ಮತ್ತೆ ಒತ್ತಿ, ಆ ಸಾಲು ಈಗ ಏನು ಹೇಳುತ್ತಿದೆ ಓದಿ. ನಿನ್ನೆ ಹೇಳಿದ್ದನ್ನೇ ಹೇಳುತ್ತಿದೆಯಾ, ಬೇರೆಯಾ ಅನ್ನೋದರ ಮೇಲೆ ಅಲ್ಲಿಂದಲೇ ಮತ್ತೆ ಶುರು ಮಾಡಿ.